ಸಿಗರೇಟು ಬಿಡುವಾಗ ಯಾರ ಆಸರೆ? ತುಮಕೂರಿನವರಿಗೆ ಒಂದು ಹೋಲಿಕೆ

ಬೀಡಿ, ಸಿಗರೇಟು ಬಿಡಬೇಕು ಅಂತ ಮನಸ್ಸು ಮಾಡಿದವರಿಗೆ ಈಗ ದಾರಿಗಳಿಗೇನೂ ಬರವಿಲ್ಲ. ಜಾಸ್ತಿ ಇರುವುದೇ ತಲೆನೋವು. ನಿಕೋಟಿನ್ ಗಮ್ ಇದೆ, ದುಡ್ಡಿಲ್ಲದೆ ಮಾತಾಡುವ ಫೋನ್ ನಂಬರ್ ಇದೆ, ಜಿಲ್ಲಾಸ್ಪತ್ರೆ ಇದೆ, ಮೊಬೈಲ್ ಆ್ಯಪ್ ಇದೆ. ಮಾಲೆ ಹಾಕಿಕೊಂಡು ಬಿಡುವವರಿದ್ದಾರೆ, ಹೆಂಡತಿ ಮುಂದೆ ಆಣೆ ಇಟ್ಟು ಬಿಡುವವರೂ ಇದ್ದಾರೆ. ತುಮಕೂರಿನಲ್ಲಿ ಮೆಡಿಕಲ್ ಸ್ಟೋರ್ ಕೌಂಟರ್ ಹಿಂದೆ ನಿಂತಿರುವ ನನ್ನನ್ನು ಜನ ಆಗಾಗ ಕೇಳುತ್ತಾರೆ: "ಇದರಲ್ಲಿ ಯಾವುದು ಒಳ್ಳೇದು ಸಾರ್?" ಎಲ್ಲರಿಗೂ ಒಂದೇ ಉತ್ತರ ಕೊಟ್ಟರೆ ಅದು ಬರೀ ವ್ಯಾಪಾರ ಆಗುತ್ತದೆ. ದಿನದ ಯಾವ ಸಿಗರೇಟು ನಿಮ್ಮನ್ನು ಸೋಲಿಸುತ್ತದೆ ಅನ್ನುವುದು ಮೊದಲು ಗೊತ್ತಾಗಬೇಕು. ಆ ಹೊತ್ತಿಗೆ ಕೈಗೆ ಸಿಗುವ ಆಸರೆ ಯಾವುದೋ ಅದೇ ನಿಮಗೆ ಒಳ್ಳೇದು.

"ಆಸರೆ ಗೀಸರೆ ಬೇಡ, ಛಲ ಇದ್ದರೆ ಸಾಕು" ಅನ್ನುವವರಿಗೆ ಒಂದೇ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಯಾವ ನೆರವೂ ಇಲ್ಲದೆ ಬಿಡಲು ಹೋದರೆ ನೂರು ಪ್ರಯತ್ನದಲ್ಲಿ ಗೆಲ್ಲುವುದು ಸುಮಾರು 4. ತಿಳಿದವರ ಸಲಹೆ ಮತ್ತು ಔಷಧಿ ಸೇರಿದರೆ ಅದು ಎರಡರಷ್ಟಕ್ಕಿಂತ ಹೆಚ್ಚಾಗುತ್ತದೆ. ಛಲ ಇರಲಿ, ಅದರ ಜೊತೆಗೆ ಇನ್ನೊಂದು ಇರಲಿ.

ಮೊದಲು ನಿಮ್ಮ ಲೆಕ್ಕ ಹಾಕಿ

ಎರಡು ದಿನ ಏನನ್ನೂ ಬಿಡಬೇಡಿ. ಸೇದಿದ ಪ್ರತಿ ಸಲ ಎಷ್ಟು ಗಂಟೆ, ಎಲ್ಲಿ, ಯಾರ ಜೊತೆ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಬಿಡಿ ಸಿಗರೇಟು ಮಾರಬಾರದು ಅಂತ ಕಾನೂನಿದ್ದರೂ ಪೆಟ್ಟಿಗೆ ಅಂಗಡಿಯಲ್ಲಿ ಒಂದೊಂದೇ ಸಿಗುತ್ತದೆ, ಅಲ್ವಾ? ಹಾಗಾಗಿ ದಿನಕ್ಕೆ ಎಷ್ಟು ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. "ಐದಾರು" ಅಂದವರ ಚೀಟಿಯಲ್ಲಿ ಹನ್ನೆರಡು ಇರುತ್ತದೆ.

ಚೀಟಿಯಲ್ಲಿ ಮೊದಲು ನೋಡಬೇಕಾದ್ದು ಬೆಳಗ್ಗೆಯ ಸಾಲು. ಎದ್ದ 30 ನಿಮಿಷದೊಳಗೆ ಮೊದಲನೆಯದು ಹಚ್ಚಿದ್ದರೆ ದೇಹ ನಿಕೋಟಿನ್‌ಗೆ ಚೆನ್ನಾಗಿ ಒಗ್ಗಿಹೋಗಿದೆ ಅಂತ ಅರ್ಥ. ಐದೇ ನಿಮಿಷದಲ್ಲಿ ಹಚ್ಚುವವರಿಗೆ ಬರೀ ಮಾತಿನ ಆಸರೆ ಸಾಲುವುದಿಲ್ಲ, ಔಷಧಿಯೂ ಬೇಕಾಗಬಹುದು. ಮಧ್ಯಾಹ್ನದ ತನಕ ನೆನಪೇ ಆಗದೆ, ಸಂಜೆ ಬಿ.ಎಚ್. ರಸ್ತೆಯ ಟೀ ಅಂಗಡಿ ಮುಂದೆ ಮಾತ್ರ ಮೂರು ಸೇದುವವರಿಗೆ ಔಷಧಿಗಿಂತ ಆ ಟೀ ಅಂಗಡಿಯದ್ದೇ ಸಮಸ್ಯೆ.

ಎರಡನೆಯದು, ಗುಟ್ಟು. ಮನೆಯಲ್ಲಿ ಗೊತ್ತಿಲ್ಲದೆ ಸೇದುವವರು ಗೊತ್ತಿಲ್ಲದೆಯೇ ಬಿಡಬೇಕಾಗುತ್ತದೆ. ಹೆಂಗಸರಿಗಂತೂ ಇದು ದೊಡ್ಡ ಮಾತು. ಮೂರನೆಯದು, ದುಡ್ಡು ಮತ್ತು ಕೆಲಸದ ದಿನ. ದಿನಗೂಲಿಯವರಿಗೆ ಆಸ್ಪತ್ರೆಯ ಚೀಟಿ ಅಗ್ಗ, ಆದರೆ ಅರ್ಧ ದಿನದ ಕೂಲಿ ಹೋದರೆ ಅದೇ ದುಬಾರಿ. ನಾಲ್ಕನೆಯದು, ಹೊತ್ತು. ವಸಂತನರಸಾಪುರದಲ್ಲಿ ರಾತ್ರಿ ಪಾಳಿ ಮಾಡುವವರಿಗೆ ನಸುಕಿನ ಮೂರು ಗಂಟೆಗೆ ಎಳೆತ ಬಂದರೆ ಆಗ ಯಾರಿರುತ್ತಾರೆ?

ಈ ನಾಲ್ಕನ್ನು ಇಟ್ಟುಕೊಂಡು ಒಂದೊಂದೇ ನೋಡೋಣ.

ಫೋನ್ ಸಹಾಯವಾಣಿ: 1800-11-2356

ಸಿಗರೇಟು ಪ್ಯಾಕಿನ ಮೇಲೆ ಆ ಭಯಂಕರ ಚಿತ್ರದ ಜೊತೆ ಈ ನಂಬರ್ 2018ರಿಂದ ಇದೆ. ಬಿಡಿಯಾಗಿ ಕೊಳ್ಳುವವರ ಕಣ್ಣಿಗೆ ಪ್ಯಾಕೇ ಬೀಳುವುದಿಲ್ಲ, ಹಾಗಾಗಿ ನಂಬರೂ ಗೊತ್ತಿರುವುದಿಲ್ಲ. ಕೇಂದ್ರ ಸರ್ಕಾರದ ಸೇವೆ, ಕರೆಗೆ ದುಡ್ಡಿಲ್ಲ. ದಕ್ಷಿಣದ ಭಾಷೆಗಳ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರ ನೋಡಿಕೊಳ್ಳುತ್ತದೆ, ಹಾಗಾಗಿ ಕನ್ನಡದಲ್ಲೇ ಮಾತಾಡಬಹುದು. ಏನು ಸೇದುತ್ತೀರಿ, ಎಷ್ಟು ವರ್ಷದಿಂದ, ಹಿಂದೆ ಬಿಡಲು ನೋಡಿದ್ದೀರಾ ಅಂತ ವಿಚಾರಿಸುತ್ತಾರೆ. ಬಿಡುವ ದಿನ ಒಂದನ್ನು ನಿಮ್ಮಿಂದಲೇ ಗೊತ್ತು ಮಾಡಿಸುತ್ತಾರೆ. ಆಮೇಲೆ ಅವರೇ ತಿರುಗಿ ಕರೆ ಮಾಡಿ "ಹೇಗಿದ್ದೀರಿ" ಅಂತ ಕೇಳುತ್ತಾರೆ. ಇದರ ಬೆಲೆ ಇರುವುದೇ ಆ ತಿರುಗಿ ಬರುವ ಕರೆಯಲ್ಲಿ. ನಾಳೆ ಒಬ್ಬರು ಕೇಳುತ್ತಾರೆ ಅನ್ನುವುದು ಗೊತ್ತಿದ್ದರೆ ಇವತ್ತಿನ ಒಂದು ಸಿಗರೇಟು ತಪ್ಪುತ್ತದೆ.

ಗುಟ್ಟಿನ ವಿಷಯದಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ಪಾವಗಡದ ಹಳ್ಳಿಯಲ್ಲಿದ್ದರೂ ಬಸ್ಸು ಹತ್ತಬೇಕಾಗಿಲ್ಲ. ಕೊರತೆ ಅಂದರೆ ಹೊತ್ತಿನದು. ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಮಾತ್ರ, ಸೋಮವಾರ ರಜೆ. ನಮ್ಮವರಲ್ಲಿ ಅರ್ಧ ಜನ "ಸೋಮವಾರದಿಂದ ಬಿಡ್ತೀನಿ" ಅನ್ನುವವರೇ! ಈ ನಂಬರನ್ನು ನೆಚ್ಚಿಕೊಂಡವರು ಮಂಗಳವಾರವೋ ಬುಧವಾರವೋ ಶುರು ಮಾಡುವುದು ವಾಸಿ. ಮೊದಲ ಮೂರು ದಿನ ಚಡಪಡಿಕೆ ತೀರಾ ಜಾಸ್ತಿ ಇರುತ್ತದೆ, ಆ ಮೂರೂ ದಿನ ಫೋನ್ ಎತ್ತುವವರು ಇರಬೇಕಲ್ಲ.

ರಾತ್ರಿ ಪಾಳಿಯವರು ಟೆಲಿ ಮಾನಸ್‌ನ 14416 ಕೂಡ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಅದು ಮಾನಸಿಕ ಆರೋಗ್ಯದ ಸಹಾಯವಾಣಿ, 2022ರಲ್ಲಿ ಶುರುವಾದದ್ದು, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಸಿಗುತ್ತದೆ. ತಂಬಾಕಿಗಾಗಿಯೇ ಇರುವುದಲ್ಲ. ಆದರೆ ಬಿಟ್ಟ ಮೇಲೆ ನಿದ್ದೆ ಬಾರದೆ, ಮನಸ್ಸು ಕುಗ್ಗಿ, ಸುಮ್ನೆ ಸಿಟ್ಟು ಬರುವ ರಾತ್ರಿಗಳಿಗೆ ಒಂದು ಧ್ವನಿ ಆಗುತ್ತದೆ.

ನಿಕೋಟಿನ್ ಗಮ್

ಇದು ನನ್ನ ಕೌಂಟರಿನ ವಿಷಯ, ಸ್ವಲ್ಪ ಉದ್ದ ಮಾತಾಡುತ್ತೇನೆ.

2 ಮಿಲಿಗ್ರಾಂ ಗಮ್‌ಗೆ ಡಾಕ್ಟರ ಚೀಟಿ ಬೇಡ, 4 ಮಿಲಿಗ್ರಾಂಗೆ ಬೇಕು. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ ಸಾಮಾನ್ಯವಾಗಿ 4 ಮಿಲಿಗ್ರಾಂ ಬೇಕಾಗುತ್ತದೆ. ಅಂಥವರು ಡಾಕ್ಟರನ್ನು ಕಂಡು ಬಂದರೆ ಒಳ್ಳೇದು.

ಗಮ್ ತಗೊಂಡು ಹೋಗಿ ವಾರದಲ್ಲಿ ಬೈದುಕೊಂಡು ಬರುವವರು ಮಾಡಿರುವ ಕೆಲಸ ಹೆಚ್ಚುಕಡಿಮೆ ಒಂದೇ. ಬಬಲ್ ಗಮ್ ಥರ ಒಂದೇ ಸಮ ಜಗಿದಿರುತ್ತಾರೆ. ಬಿಕ್ಕಳಿಕೆ ಬರುತ್ತದೆ, ಗಂಟಲು ಉರಿಯುತ್ತದೆ, ಹೊಟ್ಟೆ ತೊಳಸುತ್ತದೆ. "ಈ ಗಮ್ಮೇ ಸರಿ ಇಲ್ಲ" ಅಂತ ಅರ್ಧ ಸ್ಟ್ರಿಪ್ ವಾಪಸ್ ಕೊಡಲು ಬರುತ್ತಾರೆ. ಜಗಿಯುವ ಕ್ರಮ ಬೇರೆ ಇದೆ. ಮೆಲ್ಲಗೆ ಜಗಿಯಬೇಕು. ನಾಲಿಗೆಗೆ ಖಾರ, ಚುರುಚುರು ಅನ್ನಿಸಿದ ಕೂಡಲೇ ನಿಲ್ಲಿಸಿ ಕೆನ್ನೆ ಮತ್ತು ಒಸಡಿನ ನಡುವೆ ಒತ್ತರಿಸಿ ಇಡಬೇಕು. ಚುರುಚುರು ಹೋದ ಮೇಲೆ ಮತ್ತೆ ನಾಲ್ಕು ಸಲ ಜಗಿದು, ಈ ಸಲ ಬೇರೆ ಕಡೆ ಇಡಬೇಕು. ಒಂದು ಗಮ್ ಅರ್ಧ ಗಂಟೆ ಬರುತ್ತದೆ. ನಿಕೋಟಿನ್ ಬಾಯಿಯ ಒಳಪದರದಿಂದ ರಕ್ತಕ್ಕೆ ಸೇರಬೇಕು. ಉಗುಳಿನ ಜೊತೆ ನುಂಗಿದರೆ ಹೊಟ್ಟೆ ಸೇರಿ ಉರಿ ಮಾತ್ರ ಉಳಿಯುತ್ತದೆ. ಇನ್ನೊಂದು, ಗಮ್ ಹಾಕುವ 15 ನಿಮಿಷ ಮುಂಚೆಯಿಂದ ಕಾಫಿ, ನಿಂಬೆ ಪಾನಕ, ಸೋಡಾ ಯಾವುದೂ ಬೇಡ. ಹುಳಿಯಿರುವ ಬಾಯಲ್ಲಿ ನಿಕೋಟಿನ್ ಸರಿಯಾಗಿ ಹೀರುವುದಿಲ್ಲ. ಸಿಗರೇಟಿನ ಜಾಗಕ್ಕೆ ಗಮ್ ಬಂದರೂ ಕಾಫಿ ಕೈಯಲ್ಲೇ ಇದ್ದರೆ ಕೆಲಸ ಕೆಟ್ಟಿತು.

ದುಡ್ಡಿನ ಲೆಕ್ಕಕ್ಕೆ ಬರೋಣ. ಒಂದು ಸಿಗರೇಟಿಗೆ 20 ರೂಪಾಯಿ ಅಂತ ಹಿಡಿದು ದಿನಕ್ಕೆ 10 ಅಂದರೆ ತಿಂಗಳಿಗೆ 6,000 ರೂಪಾಯಿ. ಒಂದು ಗಮ್‌ಗೆ 12 ರೂಪಾಯಿ ಅಂತ ಹಿಡಿದು ದಿನಕ್ಕೆ 10 ಅಂದರೆ 3,600. ಸಿಗರೇಟಿನವರಿಗೆ ಗಮ್ ಲಾಭವೇ. ಅದೂ ಎರಡು ಮೂರು ತಿಂಗಳ ಖರ್ಚು, ದಿನ ಕಳೆದಂತೆ ಕಡಿಮೆ ಮಾಡುತ್ತಾ ಬರುವ ಖರ್ಚು. ಬೀಡಿ ಸೇದುವವರಿಗೆ ಲೆಕ್ಕ ಉಲ್ಟಾ. ಒಂದು ಕಟ್ಟು ಬೀಡಿಯ ದುಡ್ಡಿಗೆ ಮೂರು ಗಮ್ ಬರುವುದೂ ಕಷ್ಟ. ಎಲೆಯದು, ಹಗುರ ಅಂತ ಬೀಡಿಯನ್ನು ಹೊಗಳುವವರಿದ್ದಾರೆ. ಬೀಡಿಯ ಹೊಗೆಯಲ್ಲಿ ನಿಕೋಟಿನ್, ಟಾರು, ಕಾರ್ಬನ್ ಮಾನಾಕ್ಸೈಡ್ ಸಿಗರೇಟಿಗಿಂತ ಜಾಸ್ತಿಯೇ ಇರುತ್ತದೆ. ಆದ್ದರಿಂದ ಬೀಡಿಯವರಿಗೆ ಔಷಧಿಯ ಅಗತ್ಯ ಕಡಿಮೆ ಏನಲ್ಲ. ಅವರು ಮೊದಲು ಸರ್ಕಾರಿ ಆಸ್ಪತ್ರೆಯ ದಾರಿ ಹಿಡಿಯುವುದು ಜೇಬಿಗೆ ಒಳ್ಳೆಯದು.

ಅಡಿಕೆ, ಗುಟ್ಕಾ ಹಾಕಿ ಬಾಯಿ ಪೂರ್ತಿ ತೆರೆಯಲಾಗದವರಿಗೆ ಗಮ್ ಜಗಿಯುವುದು ಹಿಂಸೆ. ಅವರಿಗೆ ಚರ್ಮಕ್ಕೆ ಅಂಟಿಸುವ ಪ್ಯಾಚ್ ವಾಸಿ, ಆದರೆ ಅದು ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ, ದುಬಾರಿ ಬೇರೆ. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತ ಆದವರು ಡಾಕ್ಟರನ್ನು ಕೇಳದೆ ಯಾವುದನ್ನೂ ಕೊಳ್ಳಬೇಡಿ.

ಗಮ್‌ನ ನಿಜವಾದ ಮಿತಿ ಏನು ಅಂದರೆ ಅದು ದೇಹದ ಬೇಡಿಕೆಯನ್ನು ಮಾತ್ರ ತೀರಿಸುತ್ತದೆ. "ಏ ಬಾರೋ, ಒಂದು ದಮ್ ಹೊಡ್ಕೊಂಡು ಬರೋಣ" ಅನ್ನುವ ಗೆಳೆಯನಿಗೆ ಗಮ್ ಉತ್ತರ ಕೊಡುವುದಿಲ್ಲ.

ಆಸ್ಪತ್ರೆ

ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮದಡಿ ಜಿಲ್ಲಾಸ್ಪತ್ರೆಯಲ್ಲಿ ತಂಬಾಕು ಬಿಡಿಸುವ ಆಪ್ತಸಲಹೆ ಸಿಗುತ್ತದೆ. ಹೊರರೋಗಿ ಚೀಟಿ ಮಾಡಿಸುವಾಗಲೇ "ತಂಬಾಕು ಬಿಡಿಸುವ ಆಪ್ತಸಮಾಲೋಚಕರು ಎಲ್ಲಿ ಕೂರುತ್ತಾರೆ" ಅಂತ ಕೇಳಿ. ಸುಮ್ನೆ "ಸಿಗರೇಟ್ ಬಿಡಬೇಕು" ಅಂದರೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಅಲೆಸುವ ಸಾಧ್ಯತೆ ಇದೆ. ಶಿರಾ, ಮಧುಗಿರಿ, ಕುಣಿಗಲ್ ಕಡೆಯವರು ನಗರಕ್ಕೆ ಬರುವ ಮುಂಚೆ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ ಬಗ್ಗೆ ವಿಚಾರಿಸಿ. ಮನೋವೈದ್ಯರು ಮಂಗಳವಾರ ತಾಲ್ಲೂಕಿಗೇ ಬಂದು ನೋಡುವ ರಾಜ್ಯ ಸರ್ಕಾರದ ಕಾರ್ಯಕ್ರಮ ಅದು.

ಗಮ್‌ಗೆ ಬಗ್ಗದ ಚಟಕ್ಕೆ ಬುಪ್ರೋಪಿಯಾನ್, ವರೆನಿಕ್ಲಿನ್ ಅಂತ ಎರಡು ಮಾತ್ರೆಗಳಿವೆ. ಎರಡೂ ಡಾಕ್ಟರು ಬರೆದುಕೊಟ್ಟರೆ ಮಾತ್ರ. ಸಿಗರೇಟು ಬಿಡುವ ದಿನಕ್ಕಿಂತ ಒಂದು ವಾರವೋ ಇನ್ನೂ ಸ್ವಲ್ಪ ಮುಂಚೆಯೋ ಶುರು ಮಾಡಬೇಕು. ಫಿಟ್ಸ್ ಇರುವವರಿಗೆ ಬುಪ್ರೋಪಿಯಾನ್ ಆಗುವುದಿಲ್ಲ. ವರೆನಿಕ್ಲಿನ್‌ಗೆ ಕೆಲವರಿಗೆ ವಾಕರಿಕೆ ಬರುತ್ತದೆ. ಹಿಂದೆ ಎರಡು ಮೂರು ಸಲ ಬಿಟ್ಟು ಮತ್ತೆ ಹಿಡಿದವರು, ದಿನಕ್ಕೆ ಪ್ಯಾಕುಗಟ್ಟಲೆ ಸೇದುವವರು, ಕುಡಿತವೂ ಜೊತೆಗಿರುವವರು ನೇರವಾಗಿ ಆಸ್ಪತ್ರೆಯಿಂದಲೇ ಶುರು ಮಾಡಲಿ ಅನ್ನುವುದು ನನ್ನ ಅಭಿಪ್ರಾಯ. ಅಲ್ಲೂ ಆಗದಿದ್ದರೆ ಎಪ್ಪತ್ತು ಕಿಲೋಮೀಟರ್ ದೂರದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಇದೆ.

ಔಷಧಿ ಅಂಗಡಿಯವನಾಗಿ ಒಂದು ಎಚ್ಚರಿಕೆ. ದಮ್ಮಿಗೆ ಥಿಯೋಫಿಲಿನ್ ಇರುವ ಮಾತ್ರೆ, ಮಾನಸಿಕ ಕಾಯಿಲೆಗೆ ಕ್ಲೋಜಪಿನ್ ಅಥವಾ ಒಲಾಂಜಪಿನ್ ತಗೊಳ್ಳುವವರು ಬಿಡುವ ಮುಂಚೆಯೇ ಡಾಕ್ಟರಿಗೆ ಹೇಳಿ. ಹೊಗೆ ಇರುವಾಗ ಈ ಔಷಧಿಗಳು ದೇಹದಲ್ಲಿ ಬೇಗ ಕರಗಿಹೋಗುತ್ತವೆ. ಹೊಗೆ ನಿಂತ ಮೇಲೆ ಅದೇ ಡೋಸು ಜಾಸ್ತಿಯಾಗಬಹುದು. ಸಕ್ಕರೆ ಕಾಯಿಲೆಯವರು ಮೊದಲ ಕೆಲವು ವಾರ ಸಕ್ಕರೆ ಮಟ್ಟ ನೋಡಿಕೊಳ್ಳುತ್ತಿರಿ.

ಮಾಲೆ, ವ್ರತ, ಆಣೆ

ಇದನ್ನು ಯಾವ ಆಸ್ಪತ್ರೆಯ ಗೋಡೆಯ ಮೇಲೂ ಬರೆದಿರುವುದಿಲ್ಲ. ಆದರೆ ನಮ್ಮ ಕಡೆ ಅತಿ ಹೆಚ್ಚು ಜನ ಒಮ್ಮೆಯಾದರೂ ಸಿಗರೇಟು ಬಿಟ್ಟಿರುವುದು ಹೀಗೆಯೇ ಅಂತ ನನಗನ್ನಿಸುತ್ತದೆ. ಕಾರ್ತಿಕ ಬಂತು ಅಂದರೆ ದಿನಕ್ಕೊಂದು ಪ್ಯಾಕ್ ಸೇದುವ ಆಟೋದವರು ಕಪ್ಪು ಪಂಚೆ ಉಟ್ಟು 41 ದಿನ ಒಂದೂ ಮುಟ್ಟದೆ ಇರುತ್ತಾರೆ. ಗಮ್ ಇಲ್ಲ, ಮಾತ್ರೆ ಇಲ್ಲ.

ಹೇಗೆ ಸಾಧ್ಯ ಅಂತ ನೋಡಿದರೆ ಇದರಲ್ಲಿ ಎಲ್ಲ ಥರದ ಆಸರೆಯೂ ಒಟ್ಟಿಗೆ ಸೇರಿದೆ. ಬಿಡುವ ದಿನ ಮೊದಲೇ ಗೊತ್ತಾಗಿರುತ್ತದೆ. ನಸುಕಿನಲ್ಲೆದ್ದು ತಣ್ಣೀರು ಸ್ನಾನ, ಆ ಹೊತ್ತಿನ ಮೊದಲ ಸಿಗರೇಟಿಗೆ ಜಾಗವೇ ಇಲ್ಲ. ಪೆಟ್ಟಿಗೆ ಅಂಗಡಿಯವನೇ "ಸ್ವಾಮಿ" ಅಂತ ಕರೆದು ಸಿಗರೇಟು ಚಾಚುವುದಿಲ್ಲ. ಸಂಜೆ ಟೀ ಅಂಗಡಿಯ ಬದಲು ಭಜನೆ, ಅಲ್ಲಿ ನಿಮ್ಮಂತೆಯೇ ಬಿಟ್ಟಿರುವ ಹತ್ತು ಜನ. ನೋಡುವವರಿಗೆಲ್ಲ ಗೊತ್ತಾಗುವಂತೆ ಕೊರಳಲ್ಲಿ ಮಾಲೆ. ಯಾವ ಆಪ್ತಸಮಾಲೋಚಕರೂ ಇಷ್ಟನ್ನು ಒಂದೇ ದಿನ ಜೋಡಿಸಿಕೊಡಲಾರರು. (ಮೂರೇ ದಿನಕ್ಕೆ ಮಾಲೆ ಹಾಕುವವರ ಮಾತು ಬೇರೆ ಬಿಡಿ.)

ತೊಂದರೆ ಇರುವುದು ಮಾಲೆ ತೆಗೆಯುವ ದಿನದಲ್ಲಿ. ಶಬರಿಮಲೆಯಿಂದ ವಾಪಸ್ ಬರುವ ಗಾಡಿಯಲ್ಲೇ ಹಚ್ಚುವವರಿದ್ದಾರೆ. ವ್ರತಕ್ಕೆ ಕೊನೆಯ ದಿನ ಇದೆ, ಆ ದಿನಕ್ಕಾಗಿ ಮನಸ್ಸು ಕಾಯುತ್ತಲೇ ಇರುತ್ತದೆ. ಆದರೆ ಒಂದು ವಿಷಯ ಗಮನಿಸಿ. ನಿಕೋಟಿನ್ ಬಿಟ್ಟಾಗಿನ ದೇಹದ ಚಡಪಡಿಕೆ ಹೆಚ್ಚಿನವರಿಗೆ ಎರಡರಿಂದ ನಾಲ್ಕು ವಾರದಲ್ಲಿ ಇಳಿದುಹೋಗುತ್ತದೆ. 41ನೇ ದಿನಕ್ಕೆ ಕಷ್ಟದ ಭಾಗ ಮುಗಿದಿರುತ್ತದೆ. ಉಳಿದಿರುವುದು ಅಭ್ಯಾಸ ಮತ್ತು ಸಹವಾಸ. ಆದ್ದರಿಂದ ಮಾಲೆ ಹಾಕುವವರು ಇರುಮುಡಿ ಕಟ್ಟುವ ವಾರವೇ 1800-11-2356ಕ್ಕೆ ಒಂದು ಕರೆ ಮಾಡಿಡಿ. ವಾಪಸ್ ಬಂದ ಮೇಲಿನ ಎರಡು ವಾರ ಅವರ ಫೋನ್ ಬರುವಂತೆ ನೋಡಿಕೊಳ್ಳಿ. ರಂಜಾನ್ ತಿಂಗಳಲ್ಲಿ ಹಗಲೆಲ್ಲ ಸೇದದೆ ಇರುವವರಿಗೂ ಇದೇ ಮಾತು. ಇಫ್ತಾರ್ ಆದ ಕೂಡಲೇ ಹಚ್ಚುವ ಆ ಒಂದಕ್ಕೆ ಬದಲಿ ಸಿಕ್ಕರೆ ಅರ್ಧ ಕೆಲಸ ಆದಂತೆ.

ಆಣೆಯ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಮಗನ ತಲೆ ಮುಟ್ಟಿ ಆಣೆ ಮಾಡಿದವರು ಒಂದು ದಿನ ಜಾರಿದರೆ ಅದನ್ನು ಯಾರಿಗೂ ಹೇಳಲಾರರು. ಮುಚ್ಚಿಟ್ಟು ಸೇದಲು ಶುರು ಮಾಡುತ್ತಾರೆ. ಜಾರಿದ್ದನ್ನು ಹೇಳಿಕೊಳ್ಳಲು ಆಗದ ಆಸರೆ ಆಸರೆಯಲ್ಲ. ವ್ರತ ಬೇಕು ಅನ್ನಿಸಿದರೆ ವ್ರತವನ್ನೇ ಹಿಡಿಯಿರಿ, ಮಕ್ಕಳ ಮೇಲೆ ಆಣೆ ಬೇಡ.

ಮನೆಯವರು, ಗೆಳೆಯರು

ಮನೆಯವರು ಜೊತೆಗಿದ್ದರೆ ಬಲ ಬರುತ್ತದೆ, ಆದರೆ ಅವರಿಗೆ ಮೊದಲೇ ಒಂದು ಮಾತು ಹೇಳಿಡಬೇಕು. ಮೊದಲ ವಾರ ಸಿಡುಕು, ತಲೆನೋವು, ನಿದ್ದೆ ಕೆಡುವುದು, ಅತಿ ಹಸಿವು ಎಲ್ಲ ಇರುತ್ತದೆ. ಗೊತ್ತಿಲ್ಲದ ಮನೆಯಲ್ಲಿ ಹೆಂಡತಿಯೇ ಬೇಸತ್ತು "ನಿಮ್ಮ ಈ ಸಿಟ್ಟಿಗಿಂತ ಒಂದು ಸೇದಿಕೊಂಡು ಬನ್ನಿ" ಅಂದುಬಿಡುತ್ತಾರೆ. ಬೀಡಿ ಕಟ್ಟುವ ಮನೆಗಳಲ್ಲಿ ಇನ್ನೊಂದು ಕಷ್ಟ. ಸರಕು ಕಣ್ಣೆದುರೇ ಇರುತ್ತದೆ. ಕಟ್ಟುವ ಜಾಗ ಮತ್ತು ಮಲಗುವ ಜಾಗ ಬೇರೆ ಮಾಡಲು ಆಗುತ್ತದಾ ನೋಡಿ.

ಇಬ್ಬರು ಗೆಳೆಯರು ಒಟ್ಟಿಗೆ ಬಿಡುವುದು ಕೇಳಲು ಚೆಂದ. ಒಬ್ಬ ಜಾರಿದ ದಿನ ಇನ್ನೊಬ್ಬನೂ ಜಾರುತ್ತಾನೆ. ಅದಕ್ಕಿಂತ, ಒಂದೆರಡು ವರ್ಷದ ಹಿಂದೆ ಬಿಟ್ಟು ಗಟ್ಟಿಯಾಗಿರುವವರನ್ನು ಹಿಡಿಯಿರಿ. ಸಂಜೆ ಅಮಾನಿಕೆರೆ ಸುತ್ತ ಅವರ ಜೊತೆ ನಡೆದರೆ ಟೀ ಅಂಗಡಿಯ ಹೊತ್ತು ಅಲ್ಲೇ ಕಳೆದುಹೋಗುತ್ತದೆ. ಒಂದು ಸಲದ ಎಳೆತ ಐದು ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ, ಕೆರೆ ಏರಿಯ ಮೇಲೆ ಅರ್ಧ ಸುತ್ತು ಬರುವಷ್ಟರಲ್ಲಿ ಇಳಿದಿರುತ್ತದೆ. ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವರು ಪ್ಲಾಟ್‌ಫಾರ್ಮ್‌ನಲ್ಲಿ ಸೇದುವ ಗುಂಪು ನಿಲ್ಲುವ ತುದಿ ಬಿಟ್ಟು ಇನ್ನೊಂದು ಕಡೆಯ ಬೋಗಿ ಹತ್ತಿದರೂ ದಿನಕ್ಕೆ ಎರಡು ಉಳಿಯುತ್ತದೆ. ಸಾರ್ವಜನಿಕ ಜಾಗದಲ್ಲಿ ಸೇದಿದರೆ ಕರ್ನಾಟಕದಲ್ಲಿ ಈಗ ದಂಡ 1,000 ರೂಪಾಯಿವರೆಗೆ ಇದೆ, ಆ ನೆಪವೂ ಕೈಯಲ್ಲಿರಲಿ.

ಆ್ಯಪ್, ಪುಡಿ, ವೇಪ್

ಆ್ಯಪ್‌ಗಳು ಉಳಿದ ದುಡ್ಡು, ಕಳೆದ ದಿನ ಎಣಿಸಿ ತೋರಿಸುತ್ತವೆ. ಕಾಲೇಜು ಹುಡುಗರಿಗೆ ಹುರುಪು ಕೊಡುತ್ತದೆ, ಆದರೆ ಹೆಚ್ಚಿನವು ಇಂಗ್ಲಿಷಿನಲ್ಲಿವೆ. ಒಂದು ದಿನ ಜಾರಿ ಎಣಿಕೆ ಸೊನ್ನೆಗೆ ಬಂದಾಗ ಆ್ಯಪನ್ನೇ ಅಳಿಸಿಬಿಡುತ್ತಾರೆ. ಬೇರೆ ಆಸರೆಯ ಜೊತೆಗೆ ಇರಲಿ, ಅದೊಂದನ್ನೇ ನೆಚ್ಚಬೇಡಿ.

ಊಟದಲ್ಲಿ ಗೊತ್ತಾಗದಂತೆ ಬೆರೆಸಿ ಚಟ ಬಿಡಿಸುವ ಪುಡಿ ಅಂತ ಜಾಹೀರಾತು ಬರುತ್ತದಲ್ಲ, ಅದರ ಹತ್ತಿರ ಹೋಗಬೇಡಿ. ಒಳಗೇನಿದೆ ಅಂತ ಬರೆಯದ ಔಷಧಿಯನ್ನು ಒಬ್ಬರಿಗೆ ಹೇಳದೆ ತಿನ್ನಿಸುವುದು ಅಪಾಯ. ವೇಪ್ ಅಂದರೆ ಇ-ಸಿಗರೇಟು, ಅದನ್ನು ಮಾರುವುದು 2019ರಿಂದ ದೇಶದಲ್ಲೇ ನಿಷೇಧ. ಸಿಗರೇಟು ಬಿಟ್ಟು ಹೊಗೆಸೊಪ್ಪು, ಗುಟ್ಕಾ ಹಿಡಿದರೆ ನಿಕೋಟಿನ್ ಹಾಗೇ ಉಳಿಯಿತು, ಬಾಯಿ ಕ್ಯಾನ್ಸರ್ ಭಯ ಹೊಸದಾಗಿ ಸೇರಿತು.

ಯಾರಿಗೆ ಯಾವುದು

ದಿನಕ್ಕೆ ಐದರೊಳಗೆ, ಅದೂ ಗೆಳೆಯರ ಜೊತೆ ಮಾತ್ರ ಸೇದುವವರಾದರೆ ಫೋನ್ ಮತ್ತು ನಡಿಗೆಗೆ ಒಬ್ಬ ಜೊತೆಗಾರ ಸಾಕು, ಗಮ್‌ಗೆ ದುಡ್ಡು ಹಾಕಬೇಡಿ. ಎದ್ದ ತಕ್ಷಣ ಸಿಗರೇಟು ಬೇಕೇ ಬೇಕು, ಕೈಯಲ್ಲಿ ಸ್ವಲ್ಪ ದುಡ್ಡಿದೆ ಅನ್ನುವವರಿಗೆ ಗಮ್ ಮತ್ತು ಸಹಾಯವಾಣಿ ಎರಡೂ ಜೊತೆಯಾಗಿ ಬೇಕು. ಬೀಡಿಯವರು, ಕೂಲಿಯವರು ಮೊದಲು ಸಹಾಯವಾಣಿಗೆ ಕರೆ ಮಾಡಿ, ಹೇಗೂ ಬೇರೆ ಕೆಲಸಕ್ಕೆ ಆಸ್ಪತ್ರೆಗೆ ಹೋಗುವ ದಿನ ಇದನ್ನೂ ಸೇರಿಸಿಕೊಳ್ಳಿ. ಮನೆಯಲ್ಲಿ ಗೊತ್ತಾಗಬಾರದು ಅನ್ನುವವರಿಗೆ ಫೋನ್ ಬಿಟ್ಟರೆ ಬೇರೆ ಯಾವುದೂ ಸರಿಹೊಂದುವುದಿಲ್ಲ. ರಾತ್ರಿ ಪಾಳಿಯವರು ಗಮ್ ಜೇಬಿನಲ್ಲಿಟ್ಟುಕೊಂಡು 14416 ಸೇವ್ ಮಾಡಿಕೊಳ್ಳಿ.

ತಮಗಲ್ಲ, ಅಪ್ಪನಿಗಾಗಿ ಕೇಳುವ ಮಕ್ಕಳೂ ಇದ್ದಾರೆ. ಅಪ್ಪನಿಗೆ ಬಿಡುವ ಮನಸ್ಸೇ ಇಲ್ಲ ಅಂದರೆ ಗಮ್ ತಂದುಕೊಟ್ಟು ಪ್ರಯೋಜನವಿಲ್ಲ. ದಿನಾ ಬೈದರೂ ಪ್ರಯೋಜನವಿಲ್ಲ, ಮನೆ ಹಿಂದೆ ಹೋಗಿ ಸೇದುತ್ತಾರೆ ಅಷ್ಟೆ. ಬಿ.ಪಿ.ಗೋ ಕೆಮ್ಮಿಗೋ ಅವರು ನಂಬಿರುವ ಡಾಕ್ಟರ ಹತ್ತಿರ ಹೋಗುವಾಗ ಜೊತೆಗೆ ಹೋಗಿ, ಬೀಡಿಯ ವಿಷಯವನ್ನು ಡಾಕ್ಟರಿಗೆ ಮೊದಲೇ ತಿಳಿಸಿ. ಮಗ ನೂರು ಸಲ ಹೇಳಿದ ಮಾತನ್ನು ಡಾಕ್ಟರು ಒಂದು ಸಲ ಹೇಳಿದರೆ ಅಪ್ಪ ಕೇಳಿಸಿಕೊಳ್ಳಬಹುದು. "ಸರಿ, ನೋಡೋಣ" ಅಂದ ದಿನವೇ ಸಂಜೆ 8ರೊಳಗೆ, ಸೋಮವಾರ ಅಲ್ಲದಿದ್ದರೆ, ನಂಬರ್ ಒತ್ತಿ ಫೋನನ್ನು ಅವರ ಕೈಗೆ ಕೊಟ್ಟು ನೀವು ಆಚೆ ಹೋಗಿ. ಮಗನ ಮುಂದೆ ಅಪ್ಪ ಬಾಯಿ ಬಿಡುವುದು ಕಷ್ಟ.